ಡಿಗ್ರಿ ಇಲ್ಲದ ಹದಿಮೂರು ವರ್ಷದ ಅನುಭವಕ್ಕೆ ಬೆಲೆ ಎಷ್ಟು?

ಪ್ರಶ್ನೆ: ನನಗೀಗ 36 ವರ್ಷ. ಪದವಿಯ ಕೊನೆಯ ವರ್ಷದಲ್ಲಿದ್ದಾಗ ಮನೆಯ ಪರಿಸ್ಥಿತಿಯಿಂದ ಓದು ನಿಂತಿತು. ಆಮೇಲೆ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗಕ್ಕೆ ಡೇಟಾ ಎಂಟ್ರಿ ಕೆಲಸಕ್ಕೆ ಸೇರಿದೆ. 13 ವರ್ಷವಾಯಿತು, ಈಗಲೂ ಅಲ್ಲೇ ಇದ್ದೇನೆ. ನೌಕರರ ಸಂಬಳದ ಲೆಕ್ಕವನ್ನು ಪೂರ್ತಿಯಾಗಿ ನಾನೇ ನೋಡಿಕೊಳ್ಳುತ್ತೇನೆ. ಹೊಸದಾಗಿ ಬರುವ ಪದವೀಧರರಿಗೆ ಕೆಲಸ ಕಲಿಸುವುದೂ ನಾನೇ. ಇತ್ತೀಚೆಗೆ ನಮ್ಮ ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಾಯಿತು. ಸುತ್ತೋಲೆಯಲ್ಲಿ 'ಪದವಿ ಕಡ್ಡಾಯ' ಎಂದಿದೆ. ನನ್ನ ಹತ್ತಿರ ಕೆಲಸ ಕಲಿತ ಹುಡುಗ ಅರ್ಜಿ ಹಾಕಿದ್ದಾನೆ, ನಾನು ಹಾಕುವಂತಿಲ್ಲ. ಈ ವಯಸ್ಸಿನಲ್ಲಿ ಮತ್ತೆ ಓದಬೇಕೇ? ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸುಗಳು ಸಾಲುವುದಿಲ್ಲವೇ? ಪರಿಚಯದವರೊಬ್ಬರು 'ಅನುಭವದ ಆಧಾರದ ಮೇಲೆ' ಒಂದೇ ತಿಂಗಳಲ್ಲಿ ಡಿಗ್ರಿ ಕೊಡಿಸುವವರ ಫೋನ್ ನಂಬರ್ ಕೊಟ್ಟಿದ್ದಾರೆ. ನನ್ನ ಅಕ್ಕನ ಮಗ ಮಾತ್ರ, 'ಚಿಕ್ಕಮ್ಮ, ಈಗ ಡಿಗ್ರಿ ಯಾರು ಕೇಳ್ತಾರೆ, ಸ್ಕಿಲ್ ಇದ್ರೆ ಸಾಕು' ಅನ್ನುತ್ತಾನೆ. ಅವನೂ ಕಾಲೇಜು ಬಿಡುವ ಯೋಚನೆಯಲ್ಲಿದ್ದಾನೆ. ಯಾರ ಮಾತು ನಂಬಲಿ? ಡಿಗ್ರಿ ಮುಗಿಸಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಈಗಲೂ ಮುಜುಗರ.

ಉತ್ತರ: ಮೊದಲು ಆ ಫೋನ್ ನಂಬರ್ ಅಳಿಸಿಬಿಡಿ. ಯಾಕೆಂದು ಮುಂದೆ ಹೇಳುತ್ತೇನೆ. ಈ ಉತ್ತರವನ್ನು ನೀವು ಅರ್ಧಕ್ಕೇ ಬಿಟ್ಟರೂ ಅದೊಂದು ಕೆಲಸ ಆಗಿರಲಿ.

ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ಬಡ್ತಿ ತಪ್ಪಿದ ಬೇಸರಕ್ಕಿಂತ ದೊಡ್ಡ ಕೊರಗು. ಕೆಲಸ ಬಲ್ಲವಳು ನಾನು, ಕಲಿಸಿದವಳೂ ನಾನು, ಆದರೂ ಒಂದು ಕಾಗದದ ಮುಂದೆ ಇಷ್ಟು ವರ್ಷದ ದುಡಿಮೆ ಲೆಕ್ಕಕ್ಕೇ ಬರಲಿಲ್ಲವಲ್ಲ ಎಂಬುದು. ನಾನು ಬಹಳ ಕಾಲ ನೇಮಕಾತಿ ವಿಭಾಗದಲ್ಲಿದ್ದು ಆಮೇಲೆ ವೃತ್ತಿ ಸಲಹೆಗೆ ಬಂದವನು. 'ಪದವಿ ಕಡ್ಡಾಯ' ಎಂಬ ಸಾಲು ಹೇಗೆ ಹುಟ್ಟುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಅದನ್ನು ತಿಳಿದುಕೊಂಡರೆ ಕೊರಗು ಪೂರ್ತಿ ಹೋಗದೇ ಇರಬಹುದು, ಆದರೆ ಎಲ್ಲಿ ಪಟ್ಟು ಹಿಡಿಯಬೇಕು, ಎಲ್ಲಿ ಬಿಟ್ಟುಕೊಡಬೇಕು ಎಂಬುದು ಗೊತ್ತಾಗುತ್ತದೆ.

ಒಂದು ಹುದ್ದೆ ಖಾಲಿಯಾಗುತ್ತದೆ. ವಿಭಾಗದವರು ಎಚ್‌ಆರ್‌ಗೆ ಎರಡು ಸಾಲು ಬರೆದು ಕಳಿಸುತ್ತಾರೆ. ಎಚ್‌ಆರ್‌ನವರು ಹಿಂದಿನ ಜಾಹೀರಾತನ್ನು ತೆರೆದು, ಹುದ್ದೆಯ ಹೆಸರು ಮತ್ತು ಕೊನೆಯ ದಿನಾಂಕ ಬದಲಿಸಿ, ಅರ್ಹತೆಯ ಸಾಲನ್ನು ಇದ್ದ ಹಾಗೇ ಬಿಡುತ್ತಾರೆ. ಆ ಸಾಲನ್ನು ಮೊದಲು ಬರೆದವರು ಯಾರು, ಯಾವ ಕಾರಣಕ್ಕೆ ಬರೆದರು ಎಂದು ಕೇಳಿದರೆ ಕಚೇರಿಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಅರ್ಜಿಗಳು ರಾಶಿ ಬಿದ್ದಾಗ ಅದು ಜರಡಿಯಾಗಿ ಕೆಲಸಕ್ಕೆ ಬರುತ್ತದೆ. ಪದವಿ ಇಲ್ಲದವರನ್ನು ಪಕ್ಕಕ್ಕಿಟ್ಟರೆ ರಾಶಿ ಕರಗುತ್ತದೆ, ಯಾಕೆ ಪಕ್ಕಕ್ಕಿಟ್ಟಿರಿ ಎಂದು ಯಾರೂ ಕೇಳುವುದಿಲ್ಲ. ಇನ್ನೊಂದು ವಿಷಯವಿದೆ, ಇದನ್ನು ಸಭೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪದವಿ ಇದ್ದವರನ್ನು ನೇಮಿಸಿ ಅವರು ಕೆಲಸಕ್ಕೆ ಬಾರದವರಾದರೆ ತಪ್ಪು ಅವರದ್ದು. ಪದವಿ ಇಲ್ಲದವರನ್ನು ನೇಮಿಸಿ ಹಾಗಾದರೆ, 'ಇವರನ್ನು ತೆಗೆದುಕೊಂಡವರು ಯಾರು?' ಎಂಬ ಪ್ರಶ್ನೆ ಬರುತ್ತದೆ. ಸಂಬಳಕ್ಕೆ ದುಡಿಯುವ ನೇಮಕಾತಿ ಅಧಿಕಾರಿ ಆ ಪ್ರಶ್ನೆಯನ್ನು ಮೈಮೇಲೆ ಎಳೆದುಕೊಳ್ಳುವುದಿಲ್ಲ.

ಆದ್ದರಿಂದ ಆ ಸಾಲು ನಿಮ್ಮ ಯೋಗ್ಯತೆಯ ಮೇಲೆ ಯಾರೋ ಕೂತು ಕೊಟ್ಟ ತೀರ್ಪು ಎಂದು ಓದಿಕೊಳ್ಳಬೇಡಿ. ಅದನ್ನು ಬರೆಯುವಾಗ ನಿಮ್ಮ ಹೆಸರು ಯಾರ ತಲೆಯಲ್ಲೂ ಇದ್ದಿರಲಾರದು.

ಇದು ನನ್ನ ಅನುಭವದ ಮಾತು ಮಾತ್ರವಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆ್ಯಕ್ಸೆಂಚರ್ ಎಂಬ ಸಲಹಾ ಕಂಪನಿ ಸೇರಿ 2017ರಲ್ಲಿ ಅಮೆರಿಕದ ಉದ್ಯೋಗ ಜಾಹೀರಾತುಗಳ ಬಗ್ಗೆ ಒಂದು ವರದಿ ತಂದವು. ಉತ್ಪಾದನಾ ಮೇಲ್ವಿಚಾರಕರ ಹುದ್ದೆಗೆ ಕರೆದ ಜಾಹೀರಾತುಗಳಲ್ಲಿ 67% ಪದವಿ ಕೇಳಿದ್ದವು. ಆ ಹೊತ್ತಿಗೆ ಅದೇ ಕೆಲಸದಲ್ಲಿದ್ದವರಲ್ಲಿ ಪದವಿ ಪಡೆದವರು 16% ಮಾತ್ರ. ಪದವಿಯಿಲ್ಲದೆ ಈ ಕೆಲಸ ಮಾಡಬಹುದೇ ಎಂಬುದಕ್ಕೆ ಉತ್ತರ ಆ ಕಾರ್ಖಾನೆಗಳ ಒಳಗೇ ನಡೆದಾಡುತ್ತಿತ್ತು, ಜಾಹೀರಾತು ಬರೆದವರು ತಿರುಗಿ ನೋಡಿರಲಿಲ್ಲ. 2008ರ ಆರ್ಥಿಕ ಕುಸಿತದ ನಂತರದ ಜಾಹೀರಾತುಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು ಇನ್ನೊಂದು ಸಂಗತಿ ಕಂಡರು. ಕೆಲಸ ಹುಡುಕುವವರು ಹೆಚ್ಚಾದಾಗ ಕಂಪನಿಗಳು ಕೇಳುವ ಅರ್ಹತೆ ಮೇಲೇರಿತು. ಮುಂದೆ ಜನ ಸಿಗುವುದು ಕಷ್ಟವಾದಾಗ ಅದೇ ಅರ್ಹತೆ ಕೆಳಗಿಳಿಯಿತು. ಕೆಲಸ ಅದೇ ಇದ್ದರೂ ಸರತಿ ಎಷ್ಟು ಉದ್ದವಿದೆ ಎಂಬುದರ ಮೇಲೆ ಷರತ್ತು ಬದಲಾಗುತ್ತಿತ್ತು.

ಇಷ್ಟು ಓದಿ, 'ಹಾಗಾದರೆ ಅಕ್ಕನ ಮಗ ಹೇಳಿದ್ದೇ ನಿಜ, ಡಿಗ್ರಿ ಬರೀ ಕಾಗದ' ಎಂಬ ತೀರ್ಮಾನಕ್ಕೆ ಬರಬೇಡಿ. ಅರ್ಥಶಾಸ್ತ್ರಜ್ಞರಲ್ಲೇ ಈ ಬಗ್ಗೆ ಅರ್ಧ ಶತಮಾನದ ಜಗಳವಿದೆ. ಗ್ಯಾರಿ ಬೆಕರ್ 1964ರಲ್ಲಿ ಬಲವಾಗಿ ಮಂಡಿಸಿದ ವಾದದ ಪ್ರಕಾರ ಓದು ಮನುಷ್ಯನ ಕೈಗೆ ಸಾಮರ್ಥ್ಯ ತುಂಬುತ್ತದೆ, ಹೆಚ್ಚಿನ ಸಂಬಳ ಆ ಸಾಮರ್ಥ್ಯಕ್ಕೆ ಸಿಗುವ ಪ್ರತಿಫಲ. ಮೈಕಲ್ ಸ್ಪೆನ್ಸ್ 1973ರಲ್ಲಿ ಬೇರೆ ದಾರಿ ಹಿಡಿದರು. ಓದಿನಿಂದ ಕೆಲಸದ ಸಾಮರ್ಥ್ಯ ಒಂದಿಷ್ಟೂ ಹೆಚ್ಚದಿದ್ದರೂ ಪದವಿಗೆ ಬೆಲೆ ಇರಬಲ್ಲದು ಎಂದು ಅವರು ಗಣಿತದಲ್ಲಿ ತೋರಿಸಿದರು. ಚುರುಕಾಗಿರುವವರಿಗೆ ಓದಿ ಮುಗಿಸುವುದು ಉಳಿದವರಿಗಿಂತ ಕಡಿಮೆ ಕಷ್ಟದ ಕೆಲಸ. ಆದ್ದರಿಂದ ಓದಿ ಮುಗಿಸಿದ್ದೇ ಅವರು ಯಾರೆಂಬುದಕ್ಕೆ ಸಂಕೇತವಾಗುತ್ತದೆ. ಅಭ್ಯರ್ಥಿಯ ಒಳಗೇನಿದೆ ಎಂದು ನೋಡಲಾಗದ ಕಂಪನಿ ಆ ಸಂಕೇತಕ್ಕೆ ದುಡ್ಡು ಕೊಡುತ್ತದೆ. ಈ ಕೆಲಸಕ್ಕಾಗಿ ಸ್ಪೆನ್ಸ್ 2001ರ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರ ಜೊತೆ ಹಂಚಿಕೊಂಡರು.

ಯಾರು ಸರಿ? ಇಬ್ಬರೂ ಅಷ್ಟಿಷ್ಟು ಸರಿ ಎಂದು ಜಾರಿಕೊಳ್ಳಬಹುದು. ಆದರೆ ನಿಮಗೆ ನೇರವಾಗಿ ತಟ್ಟುವ ಒಂದು ಎಳೆ ಇದೆ, ಅದನ್ನು ಸ್ವಲ್ಪ ಬಿಡಿಸುತ್ತೇನೆ. ಓದಿನ ವರ್ಷಗಳನ್ನು ಒಂದೊಂದಾಗಿ ನೋಡಿದರೆ ಸಂಬಳ ಎಲ್ಲ ವರ್ಷಕ್ಕೂ ಸಮನಾಗಿ ಏರುವುದಿಲ್ಲ. ಪದವಿ ಕೈಗೆ ಬರುವ ಕೊನೆಯ ವರ್ಷಕ್ಕೆ ದೊಡ್ಡ ಜಿಗಿತ ಕಾಣುತ್ತದೆ. 1980ರ ದಶಕದಿಂದ ಇದನ್ನು ಹಲವರು ಗುರುತಿಸಿದ್ದಾರೆ. ಕೊನೆಯ ವರ್ಷದ ಪಾಠಗಳೇ ಅಷ್ಟೊಂದು ಅಮೂಲ್ಯ ಎಂದು ನಂಬುವುದು ಕಷ್ಟ, ಹಾಗಾಗಿ ಬೆಲೆ ಕಾಗದಕ್ಕೇ ಎಂದು ಸ್ಪೆನ್ಸ್ ಪಕ್ಷದವರು ಹೇಳಿದರು. ಆದರೆ 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಪ್ರೌಢಶಾಲೆಯ ಅಂತಿಮ ಪರೀಕ್ಷೆಯಲ್ಲಿ ಕೂದಲೆಳೆಯಲ್ಲಿ ಪಾಸಾದವರನ್ನೂ ಕೂದಲೆಳೆಯಲ್ಲಿ ಫೇಲಾದವರನ್ನೂ ಎದುರುಬದುರು ಇಟ್ಟು ನೋಡಿತು. ಓದಿದ್ದು ಇಬ್ಬರೂ ಒಂದೇ, ಸಿಕ್ಕಿದ ಕಾಗದ ಮಾತ್ರ ಬೇರೆ. ಮುಂದಿನ ವರ್ಷಗಳ ಗಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಓದು ಮುಗಿಸುವವರು ಬೇರೆ ರೀತಿಯಲ್ಲೂ ಮುಂದಿರುತ್ತಾರೆ, ಜಿಗಿತಕ್ಕೆ ಅದೂ ಕಾರಣ ಎಂದಾಯಿತು.

ಇದರಿಂದ ನಾನು ತೆಗೆದುಕೊಂಡಿರುವ ಅರ್ಥ ಸರಳ. ಕಾಗದಕ್ಕೆ ಮಾಂತ್ರಿಕ ಶಕ್ತಿ ಇಲ್ಲ. ಮನುಷ್ಯನನ್ನು ನೇರವಾಗಿ ನೋಡಲು ಆಗದ ಕಡೆ ಅದು ಬಹಳ ಮಾತಾಡುತ್ತದೆ, ನೋಡಲು ಆಗುವ ಕಡೆ ಸುಮ್ಮನಾಗುತ್ತದೆ. 2001ರಲ್ಲಿ ಆಲ್ಟಾಂಜಿ ಮತ್ತು ಪಿಯರೆಟ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ನೌಕರರ ಅಂಕಿಅಂಶಗಳಲ್ಲಿ ಇದನ್ನು ತೋರಿಸಿದ್ದಾರೆ. ಅನುಭವ ಹೆಚ್ಚಾದಂತೆ ಸಂಬಳದ ಮೇಲೆ ಓದಿನ ಪ್ರಭಾವ ಕುಗ್ಗುತ್ತದೆ, ಮೊದಲು ಕಾಣದಿದ್ದ ಸ್ವಂತ ಸಾಮರ್ಥ್ಯದ ಪ್ರಭಾವ ಏರುತ್ತದೆ. ನೌಕರರ ಬಗ್ಗೆ ಕಂಪನಿಗಳು ಆರಂಭದಲ್ಲಿ ಮಾಡಿದ ಅಂದಾಜಿನ ತಪ್ಪು ಸುಮಾರು ಮೂರು ವರ್ಷದಲ್ಲಿ ಅರ್ಧಕ್ಕಿಳಿಯುತ್ತದೆ ಎಂದು 2007ರಲ್ಲಿ ಇನ್ನೊಬ್ಬರು ಲೆಕ್ಕ ಹಾಕಿದರು. ಆದರೆ 2010ರ ಒಂದು ಅಧ್ಯಯನ ಇದಕ್ಕೆ ಒಂದು ಕಹಿ ತಿದ್ದುಪಡಿ ಸೇರಿಸಿತು. ಪದವೀಧರರ ಸಾಮರ್ಥ್ಯ ಮಾರುಕಟ್ಟೆಗೆ ಹೆಚ್ಚುಕಡಿಮೆ ಮೊದಲ ದಿನವೇ ಕಾಣುತ್ತದೆ, ಪ್ರೌಢಶಾಲೆಗೆ ಓದು ನಿಲ್ಲಿಸಿದವರದ್ದು ನಿಧಾನವಾಗಿ, ವರ್ಷಗಳ ಮೇಲೆ ಕಾಣುತ್ತದೆ. ಪದವಿ ಇಲ್ಲದವರು ತಾವೇನು ಎಂದು ತೋರಿಸಲು ಹೆಚ್ಚು ಕಾಲ ದುಡಿಯಬೇಕು.

ನೀವು ಆ ಕಾಲವನ್ನು ದುಡಿದು ಮುಗಿಸಿದ್ದೀರಿ, ಆದರೆ ಒಂದೇ ಕಚೇರಿಯ ಒಳಗೆ. ಅಲ್ಲಿರುವವರು ನಿಮ್ಮನ್ನು ನೋಡಿದ್ದಾರೆ, ಹೊರಗಿನವರು ನೋಡಿಲ್ಲ. ನಿಮ್ಮ ಪರಿಸ್ಥಿತಿಯ ಗಂಟು ಇಲ್ಲಿದೆ ಎಂದು ನನಗನಿಸುತ್ತದೆ. ಒಳಗಿನ ಬಾಗಿಲಿಗೆ ಒಂದು ದಾರಿ, ಹೊರಗಿನ ಬಾಗಿಲಿಗೆ ಇನ್ನೊಂದು. ಎರಡನ್ನೂ ಒಂದೇ ಕೀಲಿಯಿಂದ ತೆಗೆಯಲು ಹೋದವರು ಸುಮ್ಮನೆ ದಣಿಯುತ್ತಾರೆ.

(ಮೂರನೆಯ ಬಗೆಯ ಬಾಗಿಲೊಂದಿದೆ, ಅದು ಕಾನೂನಿನದ್ದು. ವೈದ್ಯರು, ವಕೀಲರು, ಲೆಕ್ಕಪರಿಶೋಧಕರ ವರದಿಗೆ ಸಹಿ ಹಾಕುವವರು, ಇಂಥ ಕಡೆ ಅರ್ಹತೆ ಪರವಾನಗಿಯ ಭಾಗ. ಅಲ್ಲಿ ಅನುಭವ, ಒಳ್ಳೆಯ ಹೆಸರು ಯಾವುದೂ ನಡೆಯುವುದಿಲ್ಲ, ನಡೆಯಲೂಬಾರದು. ಸಂಬಳ ವಿಭಾಗದ ಮುಖ್ಯಸ್ಥರ ಹುದ್ದೆಗೆ ಸಾಮಾನ್ಯವಾಗಿ ಅಂಥ ಕಾನೂನಿನ ಕಟ್ಟಿರುವುದಿಲ್ಲ. ಆದರೂ ನಿಮ್ಮ ಹುದ್ದೆಯ ಜವಾಬ್ದಾರಿಯಲ್ಲಿ ಶಾಸನಬದ್ಧ ಸಹಿ ಏನಾದರೂ ಇದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ. ಇದ್ದರೆ ಮುಂದಿನ ಎರಡು ಪ್ಯಾರಾಗಳ ಸಲಹೆ ನಿಮಗೆ ಅನ್ವಯಿಸುವುದಿಲ್ಲ.)

ಒಳಗಿನ ಬಾಗಿಲು ಮೊದಲು. 'ನಾನು ಅರ್ಜಿ ಹಾಕುವಂತಿಲ್ಲ' ಎಂದು ಬರೆದಿದ್ದೀರಿ. ಯಾರು ಹೇಳಿದರು? ಸುತ್ತೋಲೆ ಹೇಳಿತು. ಒಬ್ಬ ಮನುಷ್ಯನನ್ನು ಕೇಳಿದಿರಾ? ಅರ್ಹತೆಯ ಷರತ್ತು ಸಡಿಲಿಸುವ ಅಧಿಕಾರ ಬಹುತೇಕ ಸಂಸ್ಥೆಗಳಲ್ಲಿ ಯಾರಿಗಾದರೂ ಇದ್ದೇ ಇರುತ್ತದೆ, ಮೇಲಿನವರು ತಮಗೆ ಬೇಕಾದವರಿಗೆ ಅದನ್ನು ಬಳಸುವುದನ್ನೂ ಕಂಡಿದ್ದೇನೆ. ನಿಮ್ಮ ಮೇಲಧಿಕಾರಿಗೆ ಒಂದು ಪುಟದ ಪತ್ರ ಬರೆಯಿರಿ. ಅದರಲ್ಲಿ ನೋವು ತೋಡಿಕೊಳ್ಳುವುದು ಬೇಡ, ಆ ಹುಡುಗನ ಹೆಸರೂ ಬೇಡ. ಎಷ್ಟು ನೌಕರರ ಸಂಬಳ ನೋಡುತ್ತೀರಿ, ಆಡಿಟ್‌ನಲ್ಲಿ ನಿಮ್ಮ ಕೆಲಸದ ಬಗ್ಗೆ ಏನು ಹೇಳಿದರು, ಮುಖ್ಯಸ್ಥರು ರಜೆಯಲ್ಲಿದ್ದಾಗ ಯಾವ ನಿರ್ಧಾರಗಳನ್ನು ನೀವು ತೆಗೆದುಕೊಂಡಿರಿ, ಯಾವ ಹೊಸ ಸಾಫ್ಟ್‌ವೇರಿಗೆ ವಿಭಾಗವನ್ನು ದಾಟಿಸಿದಿರಿ, ಎಷ್ಟು ಮಂದಿಯನ್ನು ತಯಾರು ಮಾಡಿದಿರಿ. ಕೊನೆಗೆ ಒಂದೇ ಕೋರಿಕೆ: ಅರ್ಹತೆಯ ಸಾಲನ್ನು 'ಪದವಿ ಅಥವಾ ತತ್ಸಮಾನ ಅನುಭವ' ಎಂದು ಓದಿಕೊಂಡು ನನ್ನ ಅರ್ಜಿಯನ್ನು ಪರಿಗಣಿಸಿ. ಪದವಿ ಈ ಹುದ್ದೆಯ ಯಾವ ಕೆಲಸಕ್ಕೆ ಬೇಕಾಗುತ್ತದೆ ಎಂದು ವಿನಯದಿಂದ ಕೇಳುವುದೂ ತಪ್ಪಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1971ರಲ್ಲಿ ಗ್ರಿಗ್ಸ್ ಪ್ರಕರಣದಲ್ಲಿ ಹೆಚ್ಚುಕಡಿಮೆ ಇದನ್ನೇ ಕೇಳಿತ್ತು. ಒಂದು ವಿದ್ಯುತ್ ಕಂಪನಿ ಒಳ್ಳೆಯ ವಿಭಾಗಗಳಿಗೆ ಹೋಗಲು ಪ್ರೌಢಶಾಲೆಯ ಪ್ರಮಾಣಪತ್ರ ಬೇಕೆಂದಿತ್ತು. ಅದು ಕಪ್ಪುವರ್ಣದ ಕಾರ್ಮಿಕರನ್ನು ಹೊರಗಿಡುತ್ತಿತ್ತು. ಪ್ರಮಾಣಪತ್ರ ಇಲ್ಲದೆಯೇ ಮೊದಲಿನಿಂದ ಆ ವಿಭಾಗಗಳಲ್ಲಿದ್ದವರು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದಾರಲ್ಲ ಎಂಬುದನ್ನು ನ್ಯಾಯಾಲಯ ಎತ್ತಿ ಹಿಡಿದು, ಕೆಲಸಕ್ಕೆ ಸಂಬಂಧವಿಲ್ಲದ ಆ ಷರತ್ತು ನಿಲ್ಲದು ಎಂದಿತು. ಅದು ಒಂದು ದೇಶದ ಕಾನೂನು, ತಾರತಮ್ಯದ ಪ್ರಕರಣ. ನಿಮ್ಮ ಕೈಗೆ ಅಸ್ತ್ರವಾಗಿ ಕೊಡುತ್ತಿಲ್ಲ. ಆ ತರ್ಕವನ್ನಷ್ಟೇ ಎರವಲು ತೆಗೆದುಕೊಳ್ಳಿ.

ಇದರಲ್ಲಿ ಅಪಾಯವೂ ಇದೆ. 'ಇಲ್ಲ' ಎಂಬ ಉತ್ತರ ಬರಬಹುದು, ಅದನ್ನು ತಡೆದುಕೊಳ್ಳಬಹುದು. ಅದಕ್ಕಿಂತ ಕೆಟ್ಟದ್ದು ಅರ್ಧ ಒಪ್ಪಿಗೆ. 'ಸದ್ಯಕ್ಕೆ ಪ್ರಭಾರ ನೋಡಿಕೊಳ್ಳಿ, ಆಮೇಲೆ ನೋಡೋಣ' ಎನ್ನುತ್ತಾರೆ. ಹೊಣೆ ಪೂರ್ತಿ ನಿಮ್ಮದು, ಹುದ್ದೆ ಮತ್ತು ಸಂಬಳ ಹಳೆಯದು. ಹೀಗೆ ಪ್ರಭಾರದಲ್ಲೇ ವರ್ಷಗಟ್ಟಲೆ ಸವೆದವರು ನನ್ನ ಬಳಿ ಬರುತ್ತಲೇ ಇರುತ್ತಾರೆ, ಬಹುಪಾಲು ಹೆಂಗಸರು. ಪ್ರಭಾರ ಒಪ್ಪಿಕೊಳ್ಳುವುದಾದರೆ ಅವಧಿಯನ್ನೂ ಭತ್ಯೆಯನ್ನೂ ಬರವಣಿಗೆಯಲ್ಲಿ ಕೇಳಿ. ಕೊಡುವುದಿಲ್ಲ ಎಂದರೆ ಅವರ ಮನಸ್ಸಿನಲ್ಲೇನಿದೆ ಎಂದು ಗೊತ್ತಾಯಿತು.

ವಿನಾಯಿತಿ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಅದು ಆ ಕಟ್ಟಡದೊಳಗೆ ಮಾತ್ರ ಚಲಾವಣೆಯಲ್ಲಿರುವ ನಾಣ್ಯ. ನಾಳೆ ಸಂಸ್ಥೆ ಕೈಬದಲಾದರೆ, ಮುಚ್ಚಿದರೆ, ಅಥವಾ ನಿಮಗೇ ಬೇಸತ್ತು ಹೊರಬರಬೇಕೆನಿಸಿದರೆ, 45ನೆಯ ವಯಸ್ಸಿನಲ್ಲಿ ನೀವು ಮತ್ತೆ ಅದೇ ಜರಡಿಯ ಮುಂದೆ ನಿಲ್ಲುತ್ತೀರಿ. ಆದ್ದರಿಂದ ವಿನಾಯಿತಿ ಸಿಗಲಿ ಸಿಗದಿರಲಿ, ಉಳಿದ ಡಿಗ್ರಿಯನ್ನು ಮುಗಿಸಿ ಎನ್ನುವ ಪಕ್ಷ ನನ್ನದು. ಎಲ್ಲರಿಗೂ ನಾನು ಈ ಸಲಹೆ ಕೊಡುವುದಿಲ್ಲ. 36ರಲ್ಲಿ ಮೊದಲ ವರ್ಷದಿಂದ ಶುರುಮಾಡಬೇಕಾಗಿದ್ದರೆ ಎರಡು ಸಲ ಯೋಚಿಸಿ ಎನ್ನುತ್ತಿದ್ದೆ. ನಿಮಗೆ ಉಳಿದಿರುವುದು ಕೊನೆಯ ವರ್ಷ, ಮೇಲೆ ಹೇಳಿದ ಆ ದೊಡ್ಡ ಜಿಗಿತ ಇರುವ ವರ್ಷ. ಅಷ್ಟು ದೂರ ನಡೆದು ಬಂದಿದ್ದಕ್ಕೆ ಫಲ ಸಿಗದೆ ಉಳಿದಿದೆ.

ನಡೆಯಬೇಕಾದ ಕ್ರಮ ಹೀಗೆ. ಹೊಸ ಕೋರ್ಸಿನ ಜಾಹೀರಾತು ನೋಡುವ ಮೊದಲು ಹಳೆಯ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗವನ್ನು ವಿಚಾರಿಸಿ. ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಪದವಿ ಮುಗಿಸಲು ಗರಿಷ್ಠ ಅವಧಿಯ ನಿಯಮವಿರುತ್ತದೆ, ಪಠ್ಯಕ್ರಮವೂ ಬದಲಾಗಿರುತ್ತದೆ. ಬಾಗಿಲು ಮುಚ್ಚಿದೆ ಎಂದು ನೀವೇ ಊಹಿಸಿಕೊಳ್ಳಬೇಡಿ. ಬಾಕಿ ಇರುವವರಿಗೆ ವಿಶೇಷ ಅವಕಾಶ ಕೊಡುವ ಪದ್ಧತಿ ಹಲವು ಕಡೆ ಇದೆ. ಅಲ್ಲಿ ಆಗುವುದೇ ಇಲ್ಲ ಎಂದಾದರೆ, ಮುಗಿಸಿದ ವರ್ಷಗಳ ಅಂಕಪಟ್ಟಿಗಳನ್ನು ಪಡೆದುಕೊಂಡು, ಅವುಗಳನ್ನು ಪರಿಗಣಿಸಿ ನೇರವಾಗಿ ಮುಂದಿನ ಹಂತಕ್ಕೆ ಸೇರಿಸಿಕೊಳ್ಳುವ ಮುಕ್ತ ವಿಶ್ವವಿದ್ಯಾಲಯ ಇದೆಯೇ ನೋಡಿ. ಶುಲ್ಕ ಕಟ್ಟುವ ಮೊದಲು ಆ ಸಂಸ್ಥೆಗೆ ಮಾನ್ಯತೆ ಕೊಟ್ಟವರು ಯಾರು ಎಂಬುದನ್ನು ಮಾನ್ಯತೆ ಕೊಡುವ ಪ್ರಾಧಿಕಾರದ ಪಟ್ಟಿಯಲ್ಲೇ ನೋಡಿ ಖಚಿತಪಡಿಸಿಕೊಳ್ಳಿ. ಕಾಲೇಜಿನವರ ಬಾಯಿಮಾತು, ಅವರ ಬ್ರೋಷರ್ ಎರಡೂ ಸಾಲದು. ದೂರಶಿಕ್ಷಣದ ಪದವಿಯನ್ನು ನಿಮ್ಮ ಸಂಸ್ಥೆ ಒಪ್ಪುತ್ತದೆಯೇ ಎಂದು ಎಚ್‌ಆರ್‌ಗೆ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಕಾಪಾಡಿಟ್ಟುಕೊಳ್ಳಿ. ವಿಷಯ ಯಾವುದೆಂಬ ಚಿಂತೆ ಹೆಚ್ಚು ಬೇಡ. ಜರಡಿ ದಾಟಲು ವಿಷಯ ಮುಖ್ಯವಲ್ಲ, ನಿಮ್ಮ ವಿಷಯಜ್ಞಾನಕ್ಕೆ ಸಾಕ್ಷಿ ನಿಮ್ಮ ಕೆಲಸವೇ ಇದೆ. ಬೇಗ ಮುಗಿಯುವುದನ್ನು ಆರಿಸಿಕೊಳ್ಳಿ.

ಆನ್‌ಲೈನ್ ಸರ್ಟಿಫಿಕೇಟುಗಳ ಬಗ್ಗೆ ಕೇಳಿದ್ದೀರಿ. ಅವು ಪದವಿಗೆ ಪರ್ಯಾಯವಲ್ಲ, ಒಳ್ಳೆಯ ಸೇರ್ಪಡೆ. ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳಾದ ಹಾರ್ವರ್ಡ್ ಮತ್ತು ಎಂಐಟಿಯ ಉಚಿತ ಆನ್‌ಲೈನ್ ಕೋರ್ಸುಗಳ ಬಗ್ಗೆ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಹೆಸರು ನೋಂದಾಯಿಸಿದವರಲ್ಲಿ ಕೋರ್ಸ್ ಮುಗಿಸುವವರು ಸುಮಾರು 3% ಮಾತ್ರ. ಪ್ರಮಾಣಪತ್ರಕ್ಕೆ ದುಡ್ಡು ಕಟ್ಟಿದವರಲ್ಲಿ ಈ ಪ್ರಮಾಣ ಎಷ್ಟೋ ಪಾಲು ಹೆಚ್ಚು. ನೇಮಕಾತಿ ಮಾಡುವವರು ರೆಸ್ಯೂಮ್‌ನಲ್ಲಿ ಇಂಥ ಹತ್ತು ಹೆಸರು ಕಂಡಾಗ ಹುಬ್ಬೇರಿಸುವುದಿಲ್ಲ, ಕಣ್ಣು ದಾಟಿಸುತ್ತಾರೆ. ಸಂಬಳ ನಿರ್ವಹಣೆಯ ವೃತ್ತಿಪರ ಸಂಘಗಳೋ, ನೀವು ದಿನಾ ಬಳಸುವ ಸಾಫ್ಟ್‌ವೇರಿನ ತಯಾರಕರೋ ಮೇಲ್ವಿಚಾರಣೆಯಲ್ಲಿ ನಡೆಸುವ ಪರೀಕ್ಷೆಗಳ ಕಥೆ ಬೇರೆ. ಅಂಥದ್ದು ಒಂದು ಸಾಕು. ಫೇಲಾಗುವ ಸಾಧ್ಯತೆ ಇರುವ ಪರೀಕ್ಷೆಯ ಪ್ರಮಾಣಪತ್ರಕ್ಕೆ ಮಾತ್ರ ಬೆಲೆ ಎಂಬುದು ನನ್ನ ಅಳತೆಗೋಲು.

ಈಗ ಆ ಫೋನ್ ನಂಬರ್. 'ಅನುಭವದ ಆಧಾರದ ಮೇಲೆ ಪದವಿ' ಎಂಬುದು ಪೂರ್ತಿ ಸುಳ್ಳು ಕಲ್ಪನೆಯೇನಲ್ಲ. ಮೋಸಗಾರರು ಆ ಪದವನ್ನು ಆರಿಸಿಕೊಂಡಿರುವುದೂ ಅದಕ್ಕೇ. ಫ್ರಾನ್ಸ್‌ನಲ್ಲಿ 2002ರ ಕಾನೂನು ಅನುಭವವನ್ನು ಮೌಲ್ಯಮಾಪನ ಮಾಡಿ ಪೂರ್ತಿ ಪದವಿಯನ್ನೇ ಕೊಡಲು ಅವಕಾಶ ಮಾಡಿತು. ಆದರೆ ಅಭ್ಯರ್ಥಿ ತನ್ನ ಕೆಲಸದ ಬಗ್ಗೆ ವಿಸ್ತಾರವಾದ ದಾಖಲೆ ಬರೆದು ತೀರ್ಪುಗಾರರ ಮಂಡಳಿಯ ಮುಂದೆ ಕೂರಬೇಕು. ಮಂಡಳಿ ಪದವಿ ಕೊಡಬಹುದು, ಒಂದು ಭಾಗವನ್ನಷ್ಟೇ ಕೊಡಬಹುದು, ಏನೂ ಕೊಡದೆ ಕಳಿಸಲೂಬಹುದು. ಹಿಂದಿನ ಕಲಿಕೆಗೆ ಮಾನ್ಯತೆ ಎಂಬ ಹೆಸರಿನಲ್ಲಿ ಇಂಥ ವ್ಯವಸ್ಥೆ ಬೇರೆ ದೇಶಗಳಲ್ಲೂ ಇದೆ, ನಿಮ್ಮಲ್ಲಿ ಇದ್ದರೆ ಧಾರಾಳವಾಗಿ ಬಳಸಿಕೊಳ್ಳಿ. ಒಂದು ತಿಂಗಳಲ್ಲಿ ಖಚಿತ ಎಂದು ಫೋನಿನಲ್ಲಿ ಭರವಸೆ ಕೊಡುವವರು, ಬೇಕಾದ ವರ್ಷದ ದಿನಾಂಕ ಹಾಕಿಕೊಡುತ್ತೇವೆ ಎನ್ನುವವರು ನಿಮಗೆ ಮಾರುವುದು ಖೋಟಾ ದಾಖಲೆ. 2015ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇಂಥ ಒಂದು ದೊಡ್ಡ ಜಾಲವನ್ನು ಬಯಲಿಗೆಳೆಯಿತು. ಇಲ್ಲದ ವಿಶ್ವವಿದ್ಯಾಲಯಗಳ ಹೆಸರಲ್ಲಿ ನೂರಾರು ಜಾಲತಾಣಗಳಿದ್ದವು. ಡಿಗ್ರಿ ಕೊಂಡವರ ಪೈಕಿ ಕೆಲವರಿಗೆ ಆಮೇಲೆ ಸರ್ಕಾರಿ ಅಧಿಕಾರಿಗಳ ಸೋಗಿನಲ್ಲಿ ಕರೆ ಮಾಡಿ, ಹೆದರಿಸಿ, ಮತ್ತಷ್ಟು ದುಡ್ಡು ಕೀಳಲಾಗಿತ್ತು. ಒಮ್ಮೆ ಕೊಂಡರೆ ಮಾರಿದವನ ಕೈಯಲ್ಲಿ ನಿಮ್ಮ ಜುಟ್ಟು.

ಸಿಕ್ಕಿಬೀಳದಿದ್ದರೂ ಅದು ಕೊನೆಯವರೆಗೆ ತಲೆ ಮೇಲೆ ತೂಗುತ್ತದೆ. ಎಂಐಟಿಯ ಪ್ರವೇಶಾತಿ ವಿಭಾಗದ ಡೀನ್ ಆಗಿದ್ದ ಮರಿಲೀ ಜೋನ್ಸ್ 2007ರಲ್ಲಿ ರಾಜೀನಾಮೆ ಕೊಡಬೇಕಾಯಿತು. ತಾನು ಪಡೆಯದ ಪದವಿಗಳನ್ನು ಸೇರುವಾಗ ರೆಸ್ಯೂಮ್‌ನಲ್ಲಿ ಬರೆದಿದ್ದರು. 28 ವರ್ಷದ ಕೆಲಸವನ್ನು ಎಲ್ಲರೂ ಹೊಗಳಿದ್ದರು, ಅದು ಅವರನ್ನು ಉಳಿಸಲಿಲ್ಲ. ಹಿನ್ನೆಲೆ ಪರಿಶೀಲನೆ ಈಗ ಸಾಮಾನ್ಯವಾಗಿದೆ. ಬಡ್ತಿಯ ಹೊತ್ತಿಗೆ ಅದು ಬರುವ ಸಾಧ್ಯತೆ ಇನ್ನೂ ಹೆಚ್ಚು. ಜೊತೆಗೆ ನಿಮ್ಮ ಕಚೇರಿಯಲ್ಲಿ ನಿಮಗೆ ಡಿಗ್ರಿ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಹಠಾತ್ತನೆ ಬಂದ ಕಾಗದವನ್ನು ಮೊದಲು ಅನುಮಾನಿಸುವವರು ಪಕ್ಕದ ಮೇಜಿನವರೇ.

ಮುಜುಗರದ ಮಾತಿಗೆ ಬರುತ್ತೇನೆ. ರೆಸ್ಯೂಮ್‌ನಲ್ಲಿ ಓದಿನ ಕಾಲಂ ಖಾಲಿ ಬಿಡಬೇಡಿ. ಖಾಲಿ ಬಿಟ್ಟದ್ದು ಮುಚ್ಚಿಟ್ಟಂತೆ ಕಾಣುತ್ತದೆ. 'ಪದವಿ, ಎರಡು ವರ್ಷ ಪೂರ್ಣ, ಅಂತಿಮ ವರ್ಷ ಮುಂದುವರಿಕೆಯಲ್ಲಿ' ಎಂದು ಬರೆಯಿರಿ, ನಿಜವಾಗಿ ಸೇರಿದ ಮೇಲೆ. ಅದನ್ನು ಎರಡನೆಯ ಪುಟಕ್ಕೆ ಹಾಕಿ, ಮೊದಲ ಪುಟದಲ್ಲಿ ಕೆಲಸ ಇರಲಿ. ಸಂದರ್ಶನದಲ್ಲಿ ಕೇಳಿದರೆ ಒಂದು ವಾಕ್ಯದಲ್ಲಿ ಕಾರಣ ಹೇಳಿ ಸುಮ್ಮನಾಗಿ. ಐದು ನಿಮಿಷ ಸಮಜಾಯಿಷಿ ಕೊಡುವವರನ್ನು ಕಂಡಾಗ ಎದುರಿಗೆ ಕೂತವರಿಗೆ ಅದೇ ದೊಡ್ಡ ವಿಷಯವಾಗಿಬಿಡುತ್ತದೆ. ಸಾಧ್ಯವಾದರೆ ಕೆಲಸ ಮಾಡಿ ತೋರಿಸುವ ಪರೀಕ್ಷೆಗೆ ನೀವಾಗಿಯೇ ಒಪ್ಪಿಕೊಳ್ಳಿ. ಆಯ್ಕೆಯ ವಿಧಾನಗಳ ಬಗ್ಗೆ 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ ನೋಡಿದ 1998ರ ಪ್ರಸಿದ್ಧ ವಿಶ್ಲೇಷಣೆಯಲ್ಲಿ, ಮುಂದೆ ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆ ಎಂದು ಊಹಿಸಲು ಓದಿದ ವರ್ಷಗಳ ಎಣಿಕೆ ತೀರಾ ದುರ್ಬಲ ಎಂದು ಕಂಡುಬಂತು. ಕೆಲಸದ ಮಾದರಿ ಪರೀಕ್ಷೆ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವ ವ್ಯವಸ್ಥಿತ ಸಂದರ್ಶನ, ಇವೆರಡೂ ಬಹಳ ಮುಂದಿದ್ದವು. 2022ರಲ್ಲಿ ಇನ್ನೊಂದು ತಂಡ ಆ ಲೆಕ್ಕಗಳನ್ನು ತಿದ್ದಿ ಅಂಕಿಗಳನ್ನು ಕೆಳಗಿಳಿಸಿತು, ಆದರೂ ವ್ಯವಸ್ಥಿತ ಸಂದರ್ಶನ ಮೇಲಿನ ಸ್ಥಾನದಲ್ಲೇ ಉಳಿಯಿತು. ಅಂಥ ಕಡೆ ನಿಮ್ಮಂಥವರಿಗೆ ಲಾಭ.

ಕೊನೆಗೆ ನಿಮ್ಮ ಅಕ್ಕನ ಮಗ. ಅವನು ಕೇಳಿರುವ ಸುದ್ದಿ ಸುಳ್ಳಲ್ಲ. ದೊಡ್ಡ ಕಂಪನಿಗಳು ಪದವಿಯ ಷರತ್ತು ಕೈಬಿಟ್ಟೆವು ಎಂದು ಘೋಷಿಸಿದ್ದು ನಿಜ. ಘೋಷಣೆಯ ನಂತರ ಏನಾಯಿತು ಎಂದು ಉದ್ಯೋಗ ಮಾರುಕಟ್ಟೆಯನ್ನು ಅಧ್ಯಯನ ಮಾಡುವ ಅಮೆರಿಕದ ಬರ್ನಿಂಗ್ ಗ್ಲಾಸ್ ಇನ್‌ಸ್ಟಿಟ್ಯೂಟ್ ಮತ್ತು ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 2024ರಲ್ಲಿ ನೋಡಿದವು. ಷರತ್ತು ಕೈಬಿಟ್ಟದ್ದರಿಂದ ಪದವಿ ಇಲ್ಲದವರಿಗೆ ಹೊಸದಾಗಿ ಸಿಕ್ಕ ಕೆಲಸ 700 ನೇಮಕಾತಿಗಳಲ್ಲಿ ಒಂದಕ್ಕೂ ಕಡಿಮೆ. ಜಾಹೀರಾತು ಬದಲಿಸಿದ ಕಂಪನಿಗಳಲ್ಲಿ 45% ನೇಮಕಾತಿಯಲ್ಲಿ ಏನನ್ನೂ ಬದಲಿಸಿರಲಿಲ್ಲ. ಕಾಲೇಜು ಬಿಟ್ಟು ಗೆದ್ದವರ ಹೆಸರುಗಳನ್ನೂ ಅವನು ಹೇಳಿಯೇ ಇರುತ್ತಾನೆ. ಬಿಲ್ ಗೇಟ್ಸ್ ಬಿಟ್ಟದ್ದು ಹಾರ್ವರ್ಡ್‌ ಅನ್ನು. ಅಲ್ಲಿ ಸೀಟು ಸಿಕ್ಕಿದ್ದೇ ಅರ್ಧ ಪ್ರಮಾಣಪತ್ರ. ನನಗಿರುವ ಇನ್ನೊಂದು ಅನುಮಾನ ಹೇಳಿಬಿಡುತ್ತೇನೆ, ಇದಕ್ಕೆ ಅಧ್ಯಯನದ ಆಧಾರವಿಲ್ಲ. ಅರ್ಜಿ ಪತ್ರ, ರೆಸ್ಯೂಮ್, ಮನೆಯಿಂದ ಬರೆದು ಕಳಿಸುವ ಪರೀಕ್ಷೆ ಎಲ್ಲವನ್ನೂ ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ತಯಾರಿಸುವಾಗ, ಅಷ್ಟು ಸುಲಭವಾಗಿ ನಕಲಿ ಮಾಡಲಾಗದ ಗುರುತುಗಳ ಕಡೆಗೆ ಕಂಪನಿಗಳು ಇನ್ನಷ್ಟು ವಾಲುತ್ತವೆ. ಪದವಿ ಅಂಥ ಒಂದು ಗುರುತು.

ಅವನಿಗೆ ನೇರವಾಗಿ ಕೇಳಿ: ಕಾಲೇಜು ಬಿಟ್ಟ ಮರುದಿನ ಏನು ಮಾಡುತ್ತೀಯ? ಅವನ ಕೆಲಸಕ್ಕೆ ಈಗಾಗಲೇ ದುಡ್ಡು ಕೊಡುವ ಗಿರಾಕಿಗಳಿದ್ದರೆ, ಅಥವಾ ಹೊರಗಿನವರು ಪರೀಕ್ಷಿಸಿ ನೋಡಬಹುದಾದ ಕೆಲಸ ಅವನ ಹೆಸರಿನಲ್ಲಿದ್ದರೆ, ಮಾತಾಡಲು ವಿಷಯವಿದೆ. 'ಮೊದಲು ಬಿಟ್ಟು ಆಮೇಲೆ ಸ್ಕಿಲ್ ಕಲಿಯುತ್ತೇನೆ' ಎಂಬ ಉತ್ತರ ಬಂದರೆ ಇನ್ನೂ ಬಿಡುವ ಸಮಯವಾಗಿಲ್ಲ. ಬಿಡಲೇಬೇಕು ಎಂಬ ಹಠವಿದ್ದರೆ ಸುಮ್ಮನೆ ಹೋಗುವುದನ್ನು ನಿಲ್ಲಿಸಬೇಡ ಎನ್ನಿ. ಸಾಧ್ಯವಿದ್ದರೆ ಒಂದು ವರ್ಷದ ವಿರಾಮಕ್ಕೆ ಕಾಲೇಜಿನಲ್ಲಿ ಅರ್ಜಿ ಕೊಡಲಿ, ಈ ವರ್ಷದ ಪರೀಕ್ಷೆ ಬರೆದು ಅಂಕಪಟ್ಟಿ ತೆಗೆದುಕೊಳ್ಳಲಿ, ಎಷ್ಟು ವರ್ಷದೊಳಗೆ ವಾಪಸು ಬಂದು ಮುಗಿಸಬಹುದು ಎಂಬುದನ್ನು ಬರವಣಿಗೆಯಲ್ಲಿ ಪಡೆಯಲಿ. ನಿಮ್ಮ ಹಳೆಯ ಅಂಕಪಟ್ಟಿಗಳಿಗಾಗಿ ನೀವು ಪರೀಕ್ಷಾ ವಿಭಾಗಕ್ಕೆ ಹೋಗುವ ದಿನ ಅವನನ್ನೂ ಜೊತೆಗೆ ಕರೆದುಕೊಂಡು ಹೋದರೆ ಒಳ್ಳೆಯದು. ಹದಿಮೂರು ವರ್ಷಕ್ಕೂ ಹಿಂದಿನ ದಾಖಲೆ ಹುಡುಕಿಸುವುದಕ್ಕೆ ಎಷ್ಟು ಕೌಂಟರ್ ಸುತ್ತಬೇಕು ಎಂಬುದನ್ನು ಅವನೂ ನೋಡಲಿ.